ಚಂಪಿಯ ಜುಟ್ಟಿಗೆ ಕುಂಕುಮ

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ಅಡ್ಡಿಯಿಲ್ಲ, ನಮ್ಮ ಕ್ಲಾಸಿನಲ್ಲೂ ಯಾರೂ ನಂಬಿಲ್ಲ. ಆದರೆ ಇಡೀ ಮನ್ಮನೆ ಊರಿನಲ್ಲಿ ಕೋಳಿಯ ನಾಡಿ ಹಿಡಿದು ನೋಡಬಲ್ಲ ಡಾಕ್ಟರು ಅಂತ ಯಾರಾದರೂ ಇದ್ದರೆ ಅದು ಹತ್ತನೇ ಕ್ಲಾಸಿನ ಈ ಸುಜಾತ ಒಬ್ಬಳೇ. ಕೋಳಿಗೆ ನಾಡಿ ಎಲ್ಲಿರುತ್ತದೆ ಅಂತ ಮಾತ್ರ ಕೇಳಬೇಡಿ. ಅದು ವೃತ್ತಿಯ ಗುಟ್ಟು.

ತಾಯಿಕೋಳಿಯನ್ನು ನರಿ ಹೊತ್ತುಕೊಂಡು ಹೋದ ಮೇಲೆ, ಅಂಗೈಯಷ್ಟೂ ಇಲ್ಲದ ಪಿಳ್ಳೆ ಚಂಪಿಯನ್ನು ಬಚ್ಚಲೊಲೆಯ ಪಕ್ಕ ಬುಟ್ಟಿಯಲ್ಲಿಟ್ಟು ಸಾಕಿದವಳು ನಾನು. ಒಮ್ಮೆ ಹದ್ದಿನ ಬಾಯಿಂದಲೇ ಕಿತ್ತುಕೊಂಡಿದ್ದೇನೆ. ಹದ್ದು ಗದ್ದೆಯಾಚೆ ಹಾರುತ್ತಿತ್ತು ಅಷ್ಟೇ ಅನ್ನುತ್ತಾನೆ ತಮ್ಮ; ಅವನಿಗೆ ದೂರದ್ದು ಸರಿಯಾಗಿ ಕಾಣುವುದಿಲ್ಲ. ಈಗ ಚಂಪಿ ಬೆಳೆದು, ಮೊದಲ ಮೊಟ್ಟೆಗೆ ಜಾಗ ಹುಡುಕುತ್ತ ಅಪ್ಪನ ಅಂಗಿ ಬುಟ್ಟಿಯವರೆಗೂ ಬಂದಿದ್ದಳು.

ಆಗಲೇ ಊರಿಗೆ ಕೋಳಿಜಡ್ಡು ಬಂತು. ನಮ್ಮಲ್ಲಿ ಜಡ್ಡು ಬಂದರೆ ಒಂದೇ ಕಾನೂನು: ತೂಕಡಿಸುವ ಕೋಳಿ ಸಾಯುವ ಮುಂಚೆ ಸಾರಾಗಬೇಕು. ಆಚೆಮನೆ ಗಿರಿಜಕ್ಕನ ಒಲೆಯಿಂದ ದಿನಾ ಮಸಾಲೆ ಪರಿಮಳ. ಮನೆಮಂದಿಯೆಲ್ಲ ಅಳುತ್ತ ಉಣ್ಣುತ್ತಿದ್ದರು, ಉಣ್ಣುತ್ತ ಅಳುತ್ತಿದ್ದರು. ನಮ್ಮಮ್ಮ ಬೆಳಿಗ್ಗೆ ಅಕ್ಕಿನುಚ್ಚು ಚೆಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವಳು. ಓಡಿ ಬಂದ ಕೋಳಿಗೆ ಆ ದಿನದ ಆಯುಷ್ಯ. ಹಿಂದೆ ಉಳಿದದ್ದಕ್ಕೆ ಕತ್ತಿ.

ಡಾಕ್ಟರು ಸುಮ್ಮನಿರಲಿಲ್ಲ. ಬೆಳ್ಳುಳ್ಳಿ, ಕಾಳುಮೆಣಸು, ಅರಿಶಿನ ಅರೆದು ಅಕ್ಕಿಹಿಟ್ಟಿನಲ್ಲಿ ಉಂಡೆ ಕಟ್ಟಿದೆ. ಒಂದು ಉಂಡೆ ಒಳ್ಳೆಯದಾದರೆ ಹತ್ತು ಇನ್ನೂ ಒಳ್ಳೆಯದಲ್ಲವೇ? ಕೊಕ್ಕು ಬಿಡಿಸಿ ತುರುಕಿದೆ. ಉಳಿದ ಕೋಳಿಗಳು ನನ್ನ ನೆರಳು ಕಂಡರೆ ಮನೆಯ ಮಾಡು ಹತ್ತುತ್ತಿದ್ದವು. ಚಂಪಿ ಮಾತ್ರ ನನ್ನ ಮೇಲಿನ ವಿಶ್ವಾಸಕ್ಕೆ ಎಲ್ಲವನ್ನೂ ನುಂಗಿದಳು.

ಮರುದಿನ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದೆ. ಚಂಪಿ ಗರಿ ಕೆದರಿಕೊಂಡು ಮೂಲೆಯಲ್ಲಿ ಮುದುಡಿದ್ದಳು. ಕಣ್ಣು ಅರ್ಧ ಮುಚ್ಚಿತ್ತು, ಜುಟ್ಟು ಬಿಳಿಚಿತ್ತು. ಒಳಗಿನಿಂದ ಅಮ್ಮ ಮೊರದಲ್ಲಿ ನುಚ್ಚು ಕೇರುವ ಸದ್ದು. ನಾನು ಚಂಪಿಯನ್ನು ಎತ್ತಿ ನಿಲ್ಲಿಸಿದೆ, ಕುಸಿದಳು. ಮತ್ತೆ ನಿಲ್ಲಿಸಿದೆ; ನನ್ನ ಕಾಲಿಗೆ ಒರಗಿದಳು. ಮೊರದ ಸದ್ದು ನಿಂತಿತು. ಜುಟ್ಟಾದರೂ ಕೆಂಪಗೆ ಕಂಡರೆ ಬಚಾವಾದಾಳು! ದೇವರ ಗೂಡಿಗೆ ಓಡಿ ಕುಂಕುಮ ತಂದು, ಎಣ್ಣೆಯಲ್ಲಿ ಕಲಸಿ ತಿಕ್ಕಿದೆ. ಜುಟ್ಟಿಗಷ್ಟೇ ಅಲ್ಲ, ಗಲ್ಲಕ್ಕೂ ಬಳಿದೆ. ಕಡೆಗೆ ಚಂಪಿ ಮದುಮಗಳ ಹಾಗೆ ಕಾಣುತ್ತಿದ್ದಳು.

ಅಮ್ಮ ಬಂದವಳೇ ಮೊರ ಹಿಡಿದು ಅಲ್ಲೇ ನಿಂತಳು.

"ಎಂತದೇ ಇದು? ಕುಂಕುಮ ಹಚ್ಚೀಯ? ಹರಕೆ ಹೊತ್ಯನೇ?"

ಆಗ ನೆನಪಾಯಿತು. ನಮ್ಮಲ್ಲಿ ಕೋಳಿಗೆ ಕುಂಕುಮ ಇಡುವುದು ಊರದೇವತೆ ಚೌಡಿಗೆ ಒಪ್ಪಿಸುವಾಗ. ಚೌಡಿಯ ಕೋಳಿಗೆ ಮನೆಯ ಕತ್ತಿ ತಾಗುವ ಹಾಗಿಲ್ಲ!

"ಹೌದಮ್ಮ, ಚೌಡಿಗೆ," ಎಂದೆ, ಕಣ್ಣು ಮುಚ್ಚಿ ಕೈಮುಗಿದು.

"ಎಂತಕ್ಕೆ?"

ಬಾಯಿಗೆ ಬಂದದ್ದು ಒಂದೇ. "ನಾನು ಎಸ್ಸೆಸ್ಸೆಲ್ಸಿ ಪಾಸಾದ್ರೆ ಕೊಡ್ತೀನಿ ಅಂತ."

ಅಮ್ಮನ ಮುಖ ಮೆತ್ತಗಾಯಿತು. ಮೊರ ಕೆಳಗಿಟ್ಟು ಚಂಪಿಯ ಕುತ್ತಿಗೆ ಬುಡ ಒತ್ತಿ ನೋಡಿದಳು. "ಇದಕ್ಕೆ ಜಡ್ಡೂ ಇಲ್ಲ, ಮಣ್ಣೂ ಇಲ್ಲ. ತಿಂದದ್ದು ಇಲ್ಲೇ ಕಟ್ಟಿ ಕಲ್ಲಾಗದೆ. ಎಂತ ತುರ್ಕಿದ್ಯೇ ಮಾರಾಯ್ತಿ? ಒಂಚೂರು ಎಣ್ಣೆ ಕುಡ್ಸಿ ಇಲ್ಲಿ ಮೆಲ್ಲಗೆ ತಿಕ್ಕು, ಸಂಜೆಗೆ ಸರಿ ಆಗ್ತದೆ."

ಜಡ್ಡೇ ಇರಲಿಲ್ಲ! ಆದರೆ ಚೌಡಿಯ ಹೆಸರೆತ್ತಿ ಆಗಿತ್ತು. ಪಾಸಾದರೆ ಚಂಪಿ ಹೋಗುತ್ತಾಳೆ. ಫೇಲಾದರೆ, ಕ್ಲಾಸಿಗೇ ಫಸ್ಟ್ ಬರುತ್ತೇನೆ ಅಂತ ಊರೆಲ್ಲ ಸಾರಿದ ನನ್ನ ಮಾನ ಹೋಗುತ್ತದೆ. ಚಂಪಿಯನ್ನು ತಬ್ಬಿಕೊಂಡು, ನನಗೇ ಆಶ್ಚರ್ಯವಾಗುವ ಹಾಗೆ, ನಿಜವಾಗಿಯೂ ಅಳತೊಡಗಿದೆ.

ಅಷ್ಟರಲ್ಲಿ ಗದ್ದೆಯಿಂದ ಅಪ್ಪ ಬಂದ. ಅಮ್ಮ ಹೆಮ್ಮೆಯಿಂದ ಹರಕೆಯ ವಿಷಯ ಹೇಳಿದಳು. ಅಪ್ಪ ಚಂಪಿಯನ್ನು ನೋಡಿದ, ನನ್ನನ್ನು ನೋಡಿದ, ಕೆಸರುಗಾಲು ತೊಳೆಯುತ್ತ ನಿಧಾನಕ್ಕೆ ಹೇಳಿದ:

"ಅಳಬ್ಯಾಡ ಮಗಾ. ನಿಂಗೆ ಅಷ್ಟು ಪಿರೂತಿ ಇದ್ರೆ ಹರಕೆ ಸರಿಯಾಗೇ ಹೊತ್ತೀಯ. ನಿನ್ ಮಾರ್ಕ್ಸ್ ಕಾರ್ಡಿಗೆ ಸೈನ್ ಹಾಕೋನು ನಾನೇ ಅಲ್ವಾ. ಈ ಕೋಳಿ ಮುದಿಯಾಗೇ ಸಾಯ್ತದೆ ಬಿಡು."