ಸಂಚಾರಿ ಘಟಕವು ಸಂಚರಿಸತಕ್ಕದ್ದಲ್ಲ

೧೯೮೬ರಲ್ಲಿ ಸಾಗರದ ಸಂಚಾರಿ ಉಪಗ್ರಹ ಸಂಪರ್ಕ ಕಚೇರಿಯು ಆಕಾಶದ ಕಡೆಯಿಂದ ಯಾವ ದೋಷವೂ ಇಲ್ಲವೆಂದು ತೀರ್ಮಾನಿಸಿತು. ಉಪಗ್ರಹ ತನ್ನ ಜಾಗದಲ್ಲೇ ಇತ್ತು. ಓಡಾಡುತ್ತಿದ್ದದ್ದು ಜೀಪು. ತಲೆಯ ಮೇಲೆ ಆಂಟೆನಾ ಹೊತ್ತ ಆ ಜೀಪು ಹೊಸನಗರದಿಂದ ತೀರ್ಥಹಳ್ಳಿಗೆ ರೋಗಿಗಳನ್ನು ಸಾಗಿಸುತ್ತ, ದಾರಿಯಿಂದಲೇ ಆಸ್ಪತ್ರೆಗೆ ಫೋನು ಮಾಡಬೇಕಿತ್ತು. ಮರ ಅಡ್ಡ ಬಂದಲ್ಲೆಲ್ಲ ಸಂಕೇತ ಕ್ಷೀಣಿಸಿ ಮಾತು ಮುಳುಗುತ್ತಿತ್ತು. ಆ ರಸ್ತೆಯಲ್ಲಿ ಮರವಿಲ್ಲದ ಜಾಗ ಕಡಿಮೆ.

ಒಂದಕ್ಕೆ ಮರ ಅಡ್ಡವಾದರೆ ಇನ್ನೊಂದು ಹಿಡಿಯಲೆಂದು ಎಂಜಿನಿಯರುಗಳು ಎರಡನೇ ಆಂಟೆನಾ ಕೇಳಿದರು. ಅಧಿಕಾರಿ ಮುಕುಂದಯ್ಯನವರು ಅದಕ್ಕಿಂತ ಸುಲಭದ ನಿಯಮವೊಂದನ್ನು ಹೊರಡಿಸಿದರು: "ಸಂಕೇತ ಸ್ಪಷ್ಟವಾಗಿ ದೊರೆತ ಸ್ಥಳದಿಂದ, ಅದು ಕ್ಷೀಣಿಸಬಹುದಾದ ಸ್ಥಳಕ್ಕೆ ಸಂಚಾರಿ ಘಟಕವು ಸಂಚರಿಸತಕ್ಕದ್ದಲ್ಲ."

ಮರುವಾರವೇ ದುಗ್ಗಮ್ಮನ ಹೆರಿಗೆ. ಮಗು ಅಡ್ಡ ತಿರುಗಿದೆ, ಆಪರೇಷನ್ನೇ ಆಗಬೇಕೆಂದು ನರ್ಸ್ ವಾಗ್ದೇವಿ ಅವಳನ್ನು ಜೀಪಿಗೆ ಹತ್ತಿಸಿದಳು. ಹುಂಚದ ಹತ್ತಿರ ಬಯಲು ಬಂತು, ಲೈನೂ ಬಂತು. ತೀರ್ಥಹಳ್ಳಿಯ ಡಾಕ್ಟರು ಪಕ್ಕದಲ್ಲೇ ಕೂತವರಂತೆ, ತಡಮಾಡದೆ ಕರೆತನ್ನಿ ಎಂದರು. ಡ್ರೈವರ್ ಭೂತಪ್ಪ ನಿಯಮದಂತೆ ಎಂಜಿನ್ ಆಫ್ ಮಾಡಿ ಕೆಳಗಿಳಿದ.

ವಾಗ್ದೇವಿ ಸಾಗರದ ಕಚೇರಿಗೆ ಲೈನು ಕೇಳಿದಳು. ಅದೂ ಸಿಕ್ಕಿತು.

"ಸಾರ್, ಜೀಪು ಬಿಡೋಕೆ ಹೇಳಿ. ಹೆಂಗಸು ಹೋಗಿಬಿಡ್ತಾಳೆ."

"ಎಂಥಾ ಲೈನಮ್ಮ ಇದು. ನಿನ್ನ ಉಸಿರೂ ಕೇಳ್ತಿದೆ," ಎಂದರು ಮುಕುಂದಯ್ಯನವರು.

"ಅದು ನನ್ನದಲ್ಲ, ದುಗ್ಗಮ್ಮಂದು."

"ಅದೂ ಸ್ಪಷ್ಟವಾಗಿದೆ. ಅಲುಗಾಡಬೇಡಿ."

ಅಷ್ಟರಲ್ಲಿ ತೀರ್ಥಹಳ್ಳಿಯ ಪ್ರೈವೇಟ್ ಬಸ್ಸು ಬಂತು. ವಾಗ್ದೇವಿ ರಸ್ತೆಗೆ ಅಡ್ಡ ನಿಂತಳು. ಕಂಡಕ್ಟರ್ ಹಿಂದಿನ ಸೀಟು ಖಾಲಿ ಮಾಡಿಸಿ ದುಗ್ಗಮ್ಮನನ್ನು ಮಲಗಿಸಿದ. ನಡುವೆ ಇಳಿಯಬೇಕಾದವರನ್ನೂ ಆಸ್ಪತ್ರೆಯವರೆಗೆ ಒಯ್ದ. ತಾಯಿ, ಮಗಳು ಇಬ್ಬರೂ ಉಳಿದರು.

ಜೀಪು ಬಯಲಿನಲ್ಲೇ ಉಳಿಯಿತು. ಸಂಕೇತದ ಕ್ಷೀಣತೆ ಸೊನ್ನೆಗೆ ಇಳಿದಿದೆಯೆಂದು ಕಚೇರಿ ಪ್ರಕಟಿಸಿತು. ಆಕಸ್ಮಿಕ ಸಂಚಾರ ತಡೆಯಲು ಚಕ್ರಗಳನ್ನು ಕಳಚಿ ಸಾಗರಕ್ಕೆ ತರಿಸಲಾಯಿತು. ಅಪಘಾತವಿಲ್ಲದ ಚಾಲನೆಗಾಗಿ ಭೂತಪ್ಪನಿಗೆ ಶಾಲು ಹೊದಿಸಿದರು. ಉಪಗ್ರಹದ ಮೂಲಕ ಮುಂಚಿತವಾಗಿ ತಿಳಿಸದ ರೋಗಿಗಳನ್ನು ಆಸ್ಪತ್ರೆಗೆ ಸೇರಿಸಿಕೊಳ್ಳಬಾರದೆಂದೂ ಆದೇಶವಾಯಿತು. ಹೀಗಾಗಿ ಹೊಸನಗರದ ಕಡೆಯವರು ಹುಂಚದಲ್ಲಿ ಇಳಿದು, ನಿಂತ ಜೀಪಿನಿಂದ ಫೋನು ಮಾಡಿ, ಮತ್ತೆ ಬಸ್ಸು ಹತ್ತತೊಡಗಿದರು. ಇದನ್ನು ಬರೆಯುತ್ತಿರುವ ನಾನು ಎಷ್ಟೋ ದೇಶಗಳಲ್ಲಿ ಫೋನಿಗೆ ಸರದಿ ನಿಂತವಳು. ಫೋನಿಗಾಗಿ ಬಸ್ಸು ನಿಲ್ಲುವುದನ್ನು ಇಲ್ಲೇ ಕಂಡದ್ದು.

ಎರಡನೇ ಹೆರಿಗೆಗೆ ದುಗ್ಗಮ್ಮ ಜಾಣತನ ಮಾಡಿ, ಮೊದಲೇ ತೀರ್ಥಹಳ್ಳಿಗೆ ಬಂದು ಆಸ್ಪತ್ರೆಯ ಎದುರಿನ ತಂಗಿಯ ಮನೆಯಲ್ಲಿ ಉಳಿದಳು. ನೋವು ಶುರುವಾದ ಕೂಡಲೇ ಹುಂಚದ ಬಸ್ಸು ಹತ್ತಿದಳು.

"ಹೋಗಿ ಬರೋಕಾ, ಅಕ್ಕಾ?" ಎಂದ ಕಂಡಕ್ಟರ್, ಟಿಕೇಟು ಹರಿಯುತ್ತ.

"ಹೌದಪ್ಪ. ಲೈನು ಅಲ್ಲೇ ಚೆನ್ನಾಗಿ ಸಿಗ್ತದೆ."