ಬಕೆಟ್ ಮೇಲಿನ ಮೂರು ಪ್ರಶ್ನೆ

ಟೀಚರಮ್ಮನ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಬೇರೆ ದಿನವಾಗಿದ್ದರೆ ರಿಪೇರಿಯ ನಲ್ಲಿಯಣ್ಣ ವಾಷರ್ ಬದಲಿಸಿ ಮನೆಗೆ ಹೋಗುತ್ತಿದ್ದ. ಆದರೆ ಅಂದು ಕಟ್ಟಡದ ಕಾರ್ಯದರ್ಶಿಗಳು ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದರು.

"ನೋಡಿ ನಲ್ಲಿಯಣ್ಣ, ಇದೊಂದನ್ನ ನೆಟ್ಟಗೆ ಮಾಡಿ ತೋರ್ಸಿ. ವರ್ಷಪೂರ್ತಿ ಇಡೀ ಕಟ್ಟಡದ ಕೆಲ್ಸ ನಿಮ್ಗೇ."

ಬಹಳ ದಿನಗಳಿಂದ ಕೆಲಸವಿಲ್ಲದೆ ಹೆಂಡತಿಗೆ ಮುಖ ತೋರಿಸಲು ಹೆದರುತ್ತಿದ್ದ ನಲ್ಲಿಯಣ್ಣನಿಗೆ ಸ್ವರ್ಗ ಮೂರೇ ಗೇಣು. ಆ ಹುರುಪಿನಲ್ಲೇ ನಲ್ಲಿಯ ತಲೆ ಬಿಚ್ಚಿದ. ನೀರು ಚಾವಣಿಗೆ ಚಿಮ್ಮಿ, ಅಲ್ಲಿಂದ ಟೀಚರಮ್ಮನ ತಲೆಗೆ ಇಳಿಯಿತು.

ಬೇರೆ ಯಾರಾದರೂ ಆಗಿದ್ದರೆ ಪೈಪಿಗೆ ಶಾಪ ಹಾಕುತ್ತಿದ್ದರು. ನಲ್ಲಿಯಣ್ಣ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತ. ಇದು ಅವನ ಪದ್ಧತಿ, ಮೆಚ್ಚಲೇಬೇಕಾದ ಪದ್ಧತಿ. ಏನೇ ಎಡವಟ್ಟಾಗಲಿ, ತನಗೆ ತಾನೇ ಮೂರು ಪ್ರಶ್ನೆ ಹಾಕಿಕೊಳ್ಳದೆ ಮೇಲೇಳುತ್ತಿರಲಿಲ್ಲ. ಅದೂ ಗಟ್ಟಿಯಾಗಿ. ಒಳಗೊಳಗೇ ಕೇಳಿಕೊಂಡರೆ ಮನಸ್ಸು ನೆಪ ಹೇಳಿ ಜಾರಿಕೊಳ್ಳುತ್ತದೆ ಎಂಬುದು ಅವನ ಅನುಭವ.

"ಏನಾಯ್ತು? ನೀರು ಚಿಮ್ತು. ಯಾಕಾಯ್ತು? ವಾಲ್ವ್ ಮುಚ್ಚದೆ ನಲ್ಲಿ ಬಿಚ್ದೆ. ಇನ್ಮುಂದೆ? ಮೊದ್ಲು ವಾಲ್ವ್, ಆಮೇಲೆ ಸ್ಪ್ಯಾನರ್!"

ಹೋಗಿ ವಾಲ್ವ್ ಮುಚ್ಚಿಬಂದ. ಸ್ವಲ್ಪ ಹೊತ್ತಿಗೆ ಮೇಲ್ಮನೆಯ ಗುಮಾಸ್ತರು ಟವೆಲ್ ಸುತ್ತಿಕೊಂಡು, ಮೈಯೆಲ್ಲ ಸೋಪಿನ ನೊರೆಯಾಗಿ ಇಳಿದುಬಂದರು.

"ನಮ್ಮನೆ ನೀರು ನಿಲ್ಸಿದ್ಯಾರ್ರೀ?"

ಗಲಾಟೆಗೆ ಎದುರುಮನೆಯವರು, ಪಕ್ಕದ ಮನೆಯವರು, ಅವರ ಅತ್ತೆ ಎಲ್ಲರೂ ನೆರೆದರು. ನಲ್ಲಿಯಣ್ಣ ನಾಚಲಿಲ್ಲ. ಮತ್ತೆ ಬಕೆಟ್ ಏರಿದ.

"ಯಾಕಾಯ್ತು? ಯಾವ ಮನೆ ವಾಲ್ವು ಅಂತ ನೋಡ್ಲಿಲ್ಲ. ಇನ್ಮುಂದೆ? ಪೈಪ್ ಹಿಡ್ಕೊಂಡು ಹೋದ್ರೆ ಅದೇ ತೋರ್ಸತ್ತೆ."

"ಎಷ್ಟು ಚೆನ್ನಾಗಿ ಬಿಡ್ಸಿ ಹೇಳ್ತಾರೆ ನೋಡಿ!" ಎಂದರು ಒದ್ದೆ ಟೀಚರಮ್ಮ. ಗುಮಾಸ್ತರೂ ನೊರೆ ಒರೆಸಿಕೊಂಡು ತಲೆದೂಗಿದರು.

ಗುಮಾಸ್ತರ ಮನೆಯ ವಾಲ್ವ್ ತೆರೆದು, ಟೀಚರಮ್ಮನ ಮನೆಯದನ್ನು ಮುಚ್ಚಿ ಹೊಸ ವಾಷರ್ ಹಾಕಿದ. ಆದರೂ ನೀರು ಬಿಟ್ಟಾಗ ನಲ್ಲಿ ಮೊದಲಿಗಿಂತ ಜೋರಾಗಿ ಸುರಿಯಿತು. ಅವನು ಬಕೆಟ್ ಮೇಲೆ ಕೂರುವಷ್ಟರಲ್ಲಿ ಜನ ಹತ್ತಿರ ಸರಿದರು.

"ಹಳೇ ವಾಷರ್ ಒಳಗೇ ಅಂಟ್ಕೊಂಡಿತ್ತು, ಅದ್ರ ಮೇಲೇ ಹೊಸದು ಕೂರ್ಸಿದ್ದೆ. ಇನ್ಮುಂದೆ ಬೆರಳಿಟ್ಟು ನೋಡ್ಬೇಕು."

ನೋಡಿದ, ಕಿತ್ತ, ಕೂರಿಸಿದ. ನಲ್ಲಿ ಗಪ್‌ಚುಪ್. ಎಲ್ಲರೂ ಚಪ್ಪಾಳೆ ತಟ್ಟಿದರು. ನಲ್ಲಿಯಣ್ಣನ ಕಣ್ಣು ತುಂಬಿತು. ಮನೆಗೆ ಹೋಗಿ ಹೆಂಡತಿಗೆ ಯಾವ ಮಾತಿನಿಂದ ಶುರುಮಾಡುವುದೆಂದೂ ಯೋಚಿಸಿಕೊಂಡ.

ಅಷ್ಟರಲ್ಲಿ, ಯಾವಾಗಲೋ ಮನೆಗೆ ಹತ್ತಿಹೋಗಿದ್ದ ಗುಮಾಸ್ತರ ಕೂಗು ಮೇಲಿಂದ: "ನಮ್ಮನೆ ನಲ್ಲಿ ತೊಟ್ಟಿಕ್ಕೋದೂ ನಿಂತೋಯ್ತು! ನಾನೇ ಮಾಡ್ದೆ! ಮೊದ್ಲು ವಾಲ್ವ್, ಆಮೇಲೆ ಸ್ಪ್ಯಾನರ್!"

ಕಾರ್ಯದರ್ಶಿಗಳು ನಲ್ಲಿಯಣ್ಣನ ಎರಡೂ ಕೈ ಹಿಡಿದುಕೊಂಡರು. "ನಿಮ್ಮಂಥ ಗುರು ಸಿಗೋದು ಕಷ್ಟ ಸ್ವಾಮಿ! ಎಲ್ರಿಗೂ ಕಲ್ಸಿಬಿಟ್ರಿ. ಇನ್ನು ವರ್ಷಪೂರ್ತಿ ಯಾರನ್ನೂ ಕರೆಯೋ ತಾಪತ್ರಯವೇ ಇಲ್ಲ."

ನಲ್ಲಿಯಣ್ಣ ಬಕೆಟ್ ಮೇಲೆ ಕುಸಿದ. "ಏನಾಯ್ತು?" ಎಂದ ಮೆಲ್ಲಗೆ.

"ಕೆಲ್ಸ ಹೋಯ್ತು," ಎಂದಿತು ಗುಂಪು.

"ಯಾಕಾಯ್ತು?"

"ಗಟ್ಟಿಯಾಗಿ ಹೇಳಿದ್ರಲ್ಲ," ಎಂದರು ಟೀಚರಮ್ಮ ಅಕ್ಕರೆಯಿಂದ.

"ಇನ್ಮುಂದೆ?"

ಎಲ್ಲರೂ ಕಿವಿ ನಿಮಿರಿಸಿ ಮುಂದಕ್ಕೆ ಬಾಗಿದರು. ನಲ್ಲಿಯಣ್ಣ ಬಾಯಿ ತೆರೆದ, ಸುತ್ತ ನೋಡಿದ, ಗಪ್ಪನೆ ಮುಚ್ಚಿಕೊಂಡ. ಎದ್ದು ಬಕೆಟ್ ಕೈಗೆತ್ತಿಕೊಂಡು ಬಾಗಿಲ ಕಡೆ ಹೊರಟ.

"ಅಣ್ಣಾ," ಎಂದು ಟೀಚರಮ್ಮ ಕರೆದರು, "ಬಕೆಟ್ ನಮ್ದು."