ಗುಳಿಗೆ ನುಂಗಿದ ಸೋಮವಾರ

ಮನೆಗೆ ಬಂದವರು ಎಲ್ಲಿ ಕೂತರು, ಯಾವಾಗ ಎದ್ದು ಹೋದರು ಎಂದು ನೋಡುವುದು ನನ್ನ ಹಳೆಯ ಕೆಟ್ಟ ಚಾಳಿ. ಹಾಗಾಗಿ ನಮ್ಮ ಯಜಮಾನರ ಸಕ್ಕರೆ ಬೇನೆಯ ಗುಳಿಗೆ ನನ್ನನ್ನು ಬಹಳ ಕಾಡಿತು. ನಮ್ಮ ಉದಗೀರ ಮುಂಬೈ ರಾಜ್ಯಕ್ಕೆ ಸೇರಿದ ಮೇಲೆ ಬಂದ ಹೊಸ ಔಷಧ ಅದು. ಹೊಟ್ಟೆಯಲ್ಲಿ ಕರಗಿ, ರಕ್ತಕ್ಕಿಳಿದು, ಮೈಯೆಲ್ಲ ಸುತ್ತಿ, ಕಾಳಿಜ ಅನ್ನುವ ಲಿವರಿನಲ್ಲಿ ಮುರಿದು ಮೂತ್ರದಲ್ಲಿ ಹೊರಗೆ ಹೋಗುತ್ತದೆ ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದರು. ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ಕೇಳಿದೆ. ಮುದುಕರ ಮೈಯಲ್ಲಿ ತಡವಾದೀತು, ನುಂಗಿದ ಮೇಲೆ ಊಟ ಮಾತ್ರ ಬಿಡಬಾರದು ಎಂದರು. ಕಾಣದವರು ಯಾರೋ ಗಂಡನ ಮೈಯೊಳಗೆ ಓಡಾಡುತ್ತಿದ್ದಾರೆ ಅನ್ನಿಸಿ ನನಗೆ ಅವರ ಪಕ್ಕ ಕೂರಲೂ ಅಂಜಿಕೆ. ಆದರೆ ಬಚ್ಚಲ ಹಿಂದೆ ಅವರು ಮೂತ್ರಕ್ಕೆ ಕೂರುವ ಮೂಲೆಗೆ ಮುತ್ತುತ್ತಿದ್ದ ಇರುವೆಗಳು ಎಂಟು ದಿನದಲ್ಲಿ ಮಾಯವಾದವು.

ಶ್ರಾವಣ ಸೋಮವಾರ ಬಂತು. ಅಂದು ಸಂಜೆ ಲಿಂಗಪೂಜೆಯಾಗುವ ತನಕ ನಮ್ಮಲ್ಲಿ ಒಂದು ಕಾಳೂ ಬಾಯಿಗೆ ಹೋಗುವುದಿಲ್ಲ. ಗುಳಿಗೆ ಊಟವಲ್ಲ, ಉಪವಾಸ ಕೆಡುವುದಿಲ್ಲ ಎಂದು ತೀರ್ಪು ಕೊಟ್ಟು ನಾನೇ ಅವರ ಕೈಗೆ ಹಾಕಿದೆ. ಮಧ್ಯಾಹ್ನಕ್ಕೆ ಅವರ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕೈ ತಣ್ಣಗೆ. ಕಣ್ಣು ಬಾಗಿಲ ಮೇಲೆ.

"ಅವ್ವ ಬಂದಾಳ. ಕುಂಡ್ರಸು," ಎಂದರು.

ನಮ್ಮತ್ತೆ ಸತ್ತು ಇಪ್ಪತ್ತು ವರ್ಷ.

"ಅಲ್ಲಿ ಯಾರೂ ಇಲ್ಲರೀ."

"ಬಿಸಲಾಗ ನಿಂತಾಳ. ಬೆಲ್ಲ ನೀರು ಕೊಡ್ತಿಯೋ ಇಲ್ಲೋ?"

ಆಕೆ ಬದುಕಿದ್ದಾಗಲೂ ಇದೇ ಜಗಳ. ಹೊರಗಿಂದ ಬಂದ ಕೂಡಲೇ ಬೆಲ್ಲ ನೀರು ಕೊಡದಿದ್ದರೆ ಓಣಿಯೆಲ್ಲ ಹೇಳಿಕೊಂಡು ಬರುತ್ತಿದ್ದಳು. ಕಂಬಳಿ ಹಾಸಿದೆ. ತಂಬಿಗೆಯಲ್ಲಿ ಬೆಲ್ಲ ಕದಡಿ ಖಾಲಿ ಜಾಗದ ಮುಂದೆ ಇಟ್ಟೆ. ಅವರು ಆ ಜಾಗವನ್ನೇ ನೋಡುತ್ತ ತಲೆಯಾಡಿಸಿದರು.

"ಆಕಿಗಿ ಬ್ಯಾಡಂತ. ನನಗ ಕುಡಿ ಅನ್ಲತ್ತಾಳ."

ಗಟಗಟ ಕುಡಿದರು. ಸ್ವಲ್ಪ ಹೊತ್ತಿಗೆ ಮೈ ಬೆಚ್ಚಗಾಯಿತು. ಈ ಕಂಬಳಿ ಯಾರಿಗೆ ಹಾಸಿದ್ದೀ ಎಂದು ನನ್ನನ್ನೇ ಬೈದರು.

ಬರಿಹೊಟ್ಟೆಯಲ್ಲಿ ಆ ಗುಳಿಗೆ ರಕ್ತದ ಸಕ್ಕರೆಯನ್ನು ಪೂರ್ತಿ ಇಳಿಸಿತ್ತು, ಬೆಲ್ಲ ಸಿಗದಿದ್ದರೆ ಮನುಷ್ಯ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ನನ್ನ ಜಾಣತನವನ್ನು ಹೊಗಳಿದರು. ನಾನು ಅತ್ತೆಯ ಸುದ್ದಿ ತೆಗೆಯಲಿಲ್ಲ. ಬದುಕಿದ್ದಾಗಲೂ ಆಕೆಯನ್ನು ನಾನು ಯಾರೆದುರೂ ಹೊಗಳಿದವಳಲ್ಲ.

ಈಗ ಇರುವೆಗಳು ಬಚ್ಚಲ ಹಿಂದೆ ನನ್ನ ಮೂಲೆಗೆ ಬಂದಿವೆ. ಗುಳಿಗೆ ನಾನೂ ನುಂಗುತ್ತೇನೆ, ಉಪವಾಸ ಬಿಟ್ಟಿದ್ದೇನೆ. ಆದರೂ ಸೆರಗಿನ ತುದಿಗೆ ಒಂದು ಉಂಡೆ ಬೆಲ್ಲ ಕಟ್ಟಿಕೊಂಡೇ ಇರುತ್ತೇನೆ. ಅತ್ತೆ ಮಗನಿಗಾಗಿ ಬಂದಳು, ನನಗಾಗಿ ಬರುವವಳಲ್ಲ. ಬಂದರೂ ಆ ಬೆಲ್ಲ ನೀರು ತಾನೇ ಕುಡಿದು ಹೋಗುತ್ತಾಳೆ.